ಅಡಿಕೆ ಸಿಪ್ಪೆಯ ನಾರಿನಿಂದ ಧೂಳು ತಡೆಯುವ ಪರದೆ: ಉಪಯೋಗ ಮತ್ತು ಮಿತಿ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಭತ್ತ, ಮೆಕ್ಕೆಜೋಳಗಳ ಜೊತೆಗೆ ಅಡಿಕೆಯೂ ಮುಖ್ಯ ಬೆಳೆ. ಅಡಿಕೆ ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸಿಪ್ಪೆಯೇ ಆಗಿರುವುದರಿಂದ ಸುಲಿತದ ಹಂಗಾಮಿನಲ್ಲಿ ಅದರ ರಾಶಿ ಕಣದ ಅಂಚಿನಲ್ಲೂ ರಸ್ತೆಬದಿಯಲ್ಲೂ ಬೀಳುತ್ತದೆ. ಲಿಗ್ನಿನ್ ಅಂಶವಿರುವ ಕಾರಣ ಅದು ಬೇಗ ಕೊಳೆಯುವುದಿಲ್ಲ. ಹಾಗಾಗಿ ಬೆಂಕಿ ಹಚ್ಚುವುದುಂಟು. ಅರೆಒಣಗಿದ ಸಿಪ್ಪೆ ಉರಿಯುವುದಕ್ಕಿಂತ ಹೆಚ್ಚಾಗಿ ಹೊಗೆಯಾಡುತ್ತದೆ. ಇದೇ ಸಿಪ್ಪೆಯ ನಾರನ್ನು ಗಾಳಿ ಸೋಸಲು ಬಳಸಬಹುದೇ ಎಂದು ರೈತರು ಕೇಳುವುದು ಸಹಜ. ಬಳಸಬಹುದು, ಆದರೆ ಅದು ತಡೆಯುವುದು ದಪ್ಪ ಧೂಳನ್ನು ಮಾತ್ರ.

ಮೆಕ್ಕೆಜೋಳ ಬಿಡಿಸುವಾಗ, ಭತ್ತ ತೂರುವಾಗ, ಗೋಟಡಿಕೆ ಸುಲಿಯುವಾಗ ಏಳುವ ಕಣ್ಣಿಗೆ ಕಾಣುವ ಧೂಳು ಒರಟು ನಾರಿಗೆ ಬಡಿದು ಅಂಟಿಕೊಳ್ಳುತ್ತದೆ. ಹೊಗೆಯ ಕಣಗಳು ಹೆಚ್ಚಿನ ಪಾಲು 2.5 ಮೈಕ್ರಾನಿಗಿಂತ ಚಿಕ್ಕವು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಇಂತಹ ಕಣಗಳು ನಾರಿನ ಸಂದುಗಳಿಂದ ಸರಾಗವಾಗಿ ನುಸುಳಿ ಶ್ವಾಸಕೋಶದ ಆಳಕ್ಕೆ ಹೋಗುತ್ತವೆ.

ಪರದೆಗೆ ಬಲಿತು ಹಣ್ಣಾದ ಕಾಯಿಯ ಸಿಪ್ಪೆ ಸೂಕ್ತ. ಮೆತ್ತಗಾಗುವವರೆಗೆ ನೀರಿನಲ್ಲಿ ನೆನೆಸಿ, ಮರದ ಕೊಡತಿಯಿಂದ ಬಡಿದು, ನಾರನ್ನು ಬಿಡಿಸಿ ತೊಳೆದು, ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಬೇಕು. ಅದನ್ನು ಎರಡು ನೈಲಾನ್ ಬಲೆಗಳ ನಡುವೆ ಸಮನಾಗಿ ಹರಡಿ ಮರದ ಚೌಕಟ್ಟಿಗೆ ಬಿಗಿದು, ಕಣದ ಕಡೆಗಿರುವ ಉಗ್ರಾಣದ ಅಥವಾ ಮನೆಯ ಕಿಟಕಿಗೆ ಅಳವಡಿಸಬಹುದು. ಅಂಚಿನಲ್ಲಿ ಸಂದು ಉಳಿದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಮನೆಯಲ್ಲಿ ಮಾಡಿದ ಪರದೆಗಳು ಸಾಮಾನ್ಯವಾಗಿ ಸೋಲುವುದು ಇಲ್ಲಿಯೇ. ಪರದೆಯನ್ನು ಒಲೆಗೂ ಮೋಟಾರಿಗೂ ಹತ್ತಿರ ಇಡಬಾರದು, ಒಣ ನಾರಿಗೆ ಕಿಡಿ ಸಾಕು. ಮಳೆಗಾಲ ಆರಂಭವಾಗುವ ಮೊದಲು ಅದನ್ನು ತೆಗೆದುಬಿಡಬೇಕು. ಮಲೆನಾಡಿನ ತೇವದಲ್ಲಿ ನಾರಿಗೆ ಬೂಷ್ಟು ಹಿಡಿದು, ಧೂಳು ತಡೆಯಬೇಕಾದ ಪರದೆಯೇ ಶಿಲೀಂಧ್ರದ ಬೀಜಕಣಗಳನ್ನು ಮನೆಯೊಳಗೆ ಬಿಡುತ್ತದೆ. ಹಳೆಯ ನಾರನ್ನು ಗೊಬ್ಬರದ ಗುಂಡಿಗೆ ಹಾಕಬಹುದು.

ಯಂತ್ರದ ಮುಂದೆ ನಿಂತು ದುಡಿಯುವವರಿಗೆ ಈ ಪರದೆಯಿಂದ ರಕ್ಷಣೆಯಿಲ್ಲ. ಅವರು ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮುಖಗವಸನ್ನೇ ಧರಿಸಬೇಕು. ಟವೆಲ್ ಸುತ್ತಿಕೊಂಡರೆ ಸಾಲದು.

ಸಿಪ್ಪೆಯಿಂದ ಇದ್ದಿಲು ಮಾಡಿ ಬಳಸುವ ಬಗ್ಗೆಯೂ ಪ್ರಶ್ನೆಗಳಿವೆ. ಗಾಳಿ ಶುದ್ಧೀಕರಣ ಯಂತ್ರಗಳಲ್ಲಿರುವ ಸಕ್ರಿಯ ಇದ್ದಿಲು ವಾಸನೆ ಮತ್ತು ಅನಿಲಗಳನ್ನು ಹೀರಲೆಂದೇ ಇರುವಂಥದ್ದು. ಅದರ ತಯಾರಿಕೆಗೆ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಹಬೆ ಅಥವಾ ತೀಕ್ಷ್ಣ ರಾಸಾಯನಿಕ ಬೇಕು; ಮನೆಯಲ್ಲಿ ಪ್ರಯತ್ನಿಸಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ರೋಗಾಣುನಾಶಕ ಗಾಳಿ ಶೋಧಕದಲ್ಲಿ ಹಸಿರು ಚಹಾದಲ್ಲಿರುವ ಪಾಲಿಫಿನಾಲ್‌ಗಳ ಬಳಕೆಯಿದೆ. ಸಸ್ಯಮೂಲದ ವಸ್ತುವಿಗೆ ಈ ಕ್ಷೇತ್ರದಲ್ಲಿ ಅವಕಾಶವಿದ್ದರೂ ಅದು ಪ್ರಯೋಗಾಲಯದ ಕೆಲಸ.

ಒಂದು ಪರದೆಗೆ ಬೇಕಾಗುವುದು ಕೆಲವೇ ಬುಟ್ಟಿ ಸಿಪ್ಪೆ. ಉಳಿದ ರಾಶಿಯನ್ನು ಸುಡದೆ, ಸಗಣಿ ಬಗ್ಗಡ ಮತ್ತು ಹಸಿರೆಲೆಯೊಂದಿಗೆ ಪದರಪದರವಾಗಿ ಹಾಕಿ, ತೇವ ಆರದಂತೆ ನೋಡಿಕೊಂಡು, ಆಗಾಗ ಮಗುಚಿ ಕಾಂಪೋಸ್ಟ್ ಮಾಡಬೇಕು. ಲಿಗ್ನಿನ್ ಕರಗಿಸುವ ಶಿಲೀಂಧ್ರ ಬೆರೆಸಿದರೆ ಕೊಳೆಯುವಿಕೆ ಚುರುಕಾಗುತ್ತದೆ; ಇದರ ಲಭ್ಯತೆಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.