ಅಶ್ವವೈದ್ಯದಲ್ಲಿ ಒಳಾಂಗ ಚಿತ್ರಣ

ಕುದುರೆಯ ಹೊಟ್ಟೆ, ಎದೆ, ಗರ್ಭಕೋಶಗಳೊಳಗಿನ ರೋಗವನ್ನು ಎಕ್ಸ್‌ರೇ, ಅಲ್ಟ್ರಾಸೌಂಡ್, ಎಂಡೋಸ್ಕೋಪ್ ಮೊದಲಾದ ಉಪಕರಣಗಳಿಂದ ಕಂಡುಹಿಡಿಯುವ ವಿಧಾನ.

ಕನ್ನಡದಲ್ಲಿ ಅಶ್ವವೈದ್ಯ ಹಳೆಯ ವಿದ್ಯೆ. ಸುಮಾರು 1400ರಲ್ಲಿ ಅಭಿನವಚಂದ್ರ ಈ ವಿಷಯವಾಗಿ ಗ್ರಂಥ ರಚಿಸಿದ. 17ನೆಯ ಶತಮಾನದಲ್ಲಿ ಮೈಸೂರು ಅರಸರ ಆಶ್ರಯದಲ್ಲಿ ಪದ್ಮಣ ಪಂಡಿತನ ‘ಹಯಸಾರ ಸಮುಚ್ಚಯ’ ಹುಟ್ಟಿತು. ಆಗಿನಿಂದ ಬಹುಕಾಲ ವೈದ್ಯನಿಗಿದ್ದ ಸಾಧನಗಳು ಕಣ್ಣು, ಕಿವಿ, ಕೈಗಳೇ.

ರಾಂಟ್‌ಗನ್ 1895ರಲ್ಲಿ ಎಕ್ಸ್‌ರೇ ಕಂಡುಹಿಡಿದ ಮರುವರ್ಷವೇ ಬರ್ಲಿನ್ನಿನ ಎಬರ್ಲೈನ್ ಅದನ್ನು ಪಶುವೈದ್ಯಕ್ಕೆ ತಂದರು. ಕಾಲಿನ ಮೂಳೆಗೆ ಅದು ವರವಾಯಿತು. ಆದರೆ ಬೆಳೆದ ಕುದುರೆಯ ಹೊಟ್ಟೆ ತೀರಾ ದಪ್ಪ. ಕರುಳಲ್ಲಿ ಕೂತ ಮರಳು, ಕಲ್ಲುಗಳಂಥವನ್ನು ಬಿಟ್ಟರೆ ಅಲ್ಲಿ ಎಕ್ಸ್‌ರೇಗೆ ಕಾಣುವುದು ಕಡಿಮೆ. ಸಿಟಿ, ಎಂಆರ್‌ಐ ಯಂತ್ರಗಳೂ ಹೆಚ್ಚಾಗಿ ತಲೆ, ಕಾಲುಗಳಿಗೇ ಸೀಮಿತ.

ನಿಜವಾದ ತಿರುವು ಕೊಟ್ಟದ್ದು ಅಲ್ಟ್ರಾಸೌಂಡ್. 1980ರಲ್ಲಿ ಫ್ರಾನ್ಸಿನ ಪಾಮರ್ ಮತ್ತು ಡ್ರಿಯಾಂಕೂರ್ ಹೆಣ್ಣುಕುದುರೆಯ ಗರ್ಭವನ್ನು ಗುದದ್ವಾರದ ಮೂಲಕ ಸ್ಕ್ಯಾನ್ ಮಾಡಿ ತೋರಿಸಿದರು. ಎರಡು ವಾರದ ಗರ್ಭ, ಅದರಲ್ಲೂ ಅಪಾಯಕಾರಿಯಾದ ಅವಳಿ ಗರ್ಭ, ಆಗಲೇ ತಿಳಿಯತೊಡಗಿತು. ಕುಣಿಗಲ್ಲಿನಂಥ ಕುದುರೆ ಸಾಕಣೆಯ ನಾಡಿಗೆ ಇದರ ಬೆಲೆ ಬಹಳ.

ಹೊಟ್ಟೆಶೂಲೆಯಲ್ಲಿ ಅಲ್ಟ್ರಾಸೌಂಡಿನ ಉಪಯೋಗ ಇನ್ನೂ ದೊಡ್ಡದು. ಕುದುರೆ ವಾಂತಿ ಮಾಡಲಾರದು. ಕರುಳು ಕಟ್ಟಿಕೊಂಡರೆ ಹಿಂದೆ ಸರಿದ ದ್ರವ ತುಂಬಿ ಹೊಟ್ಟೆಚೀಲವೇ ಒಡೆಯಬಹುದು. ಗುದದ್ವಾರದಲ್ಲಿ ಕೈಯಿಟ್ಟ ವೈದ್ಯನಿಗೆ ಎಟುಕುವುದು ಹೊಟ್ಟೆಯ ಹಿಂಭಾಗ ಮಾತ್ರ. ಉಳಿದುದನ್ನು ಪಕ್ಕೆಯ ಮೇಲಿಟ್ಟ ಪ್ರೋಬ್ ಹುಡುಕುತ್ತದೆ: ಉಬ್ಬಿದ ಸಣ್ಣಕರುಳು, 3 ಮಿಲಿಮೀಟರಿಗಿಂತ ದಪ್ಪಗಾದ ಅದರ ಗೋಡೆ, ಹೊಟ್ಟೆಯೊಳಗೆ ಸೇರಿದ ನೀರು. ಶಬ್ದತರಂಗ ಗಾಳಿಯನ್ನು ದಾಟಲಾರದು. ಈ ಕೊರತೆಯೂ ಸುಳಿವಾಗುತ್ತದೆ. ಗಾಳಿ ತುಂಬಿದ ದೊಡ್ಡಕರುಳು ಗುಲ್ಮ ಮತ್ತು ಎಡ ಮೂತ್ರಪಿಂಡದ ನಡುವೆ ಸಿಕ್ಕಿಕೊಂಡಾಗ ಮೂತ್ರಪಿಂಡ ಪರದೆಯಲ್ಲಿ ಮರೆಯಾಗುತ್ತದೆ. ಕಾಣಬೇಕಾದ ಅಂಗ ಕಾಣದಿರುವುದನ್ನೇ ಓದಿಕೊಂಡು ಶಸ್ತ್ರಕ್ರಿಯೆಯ ಯೋಚನೆ ಮಾಡುವುದುಂಟು. ಈ ಓದು ಅನುಭವದಿಂದಲೇ ಬರಬೇಕು.

ಜಠರದ ಹುಣ್ಣನ್ನು ನೋಡಲು ಸುಮಾರು 3 ಮೀಟರ್ ಉದ್ದದ ಎಂಡೋಸ್ಕೋಪ್ ಬೇಕು. ಓಟದ ಕುದುರೆಗಳಲ್ಲಿ ಈ ಹುಣ್ಣು ಸಾಮಾನ್ಯ.

ಜಗತ್ತಿನೆಲ್ಲೆಡೆ ಈ ವಿದ್ಯೆ ಬೆಳೆದದ್ದು ಬಹುಮಟ್ಟಿಗೆ ರೇಸಿನ ಹಣದಿಂದ. ಕರ್ನಾಟಕದಲ್ಲಿ ರೇಸು ಬೆಂಗಳೂರು, ಮೈಸೂರುಗಳಲ್ಲಿ ನೆಲೆಯೂರಿತು. ಪಶುವೈದ್ಯ ಶಿಕ್ಷಣಕ್ಕೆ 1958ರಲ್ಲಿ ಹೆಬ್ಬಾಳದ ಕಾಲೇಜು ಆರಂಭವಾಯಿತು. ಟಾಂಗಾ ಎಳೆದ ಕುದುರೆಗೂ ಶೂಲೆಯ ನೋವು ಅಷ್ಟೇ. ಅದರ ಒಡೆಯನ ಕೈಗೆ ಮಾತ್ರ ಈ ಸೌಲಭ್ಯ ಎಟುಕಲಿಲ್ಲ. ಈಗ ಗದಗಿನಲ್ಲೂ ಪಶುವೈದ್ಯಕೀಯ ಕಾಲೇಜಿದೆ. ಬ್ಯಾಟರಿಯಿಂದ ನಡೆಯುವ ಸ್ಕ್ಯಾನರನ್ನು ಆ ಜಿಲ್ಲೆಯ ಶಿಗ್ಲಿ, ಲಕ್ಷ್ಮೇಶ್ವರದಂಥ ಊರುಗಳ ಕೊಟ್ಟಿಗೆಗೂ ಹೊತ್ತೊಯ್ಯಬಹುದು.