ಸಾರಕ್ಕಿಯ ರಟ್ಟಿನ ಪೆಟ್ಟಿಗೆ: ನಾರು, ತೇವ ಮತ್ತು ಬಲದ ಲೆಕ್ಕ

ಬೆಂಗಳೂರಿನ ಸಾರಕ್ಕಿ ಮಾರುಕಟ್ಟೆಗೆ ಸೇಬು ಬರುವುದು ರಟ್ಟಿನ ಪೆಟ್ಟಿಗೆಯಲ್ಲಿ. ಹಣ್ಣು ಖರ್ಚಾದ ಮೇಲೆ ಅದೇ ಪೆಟ್ಟಿಗೆ ಸೊಪ್ಪು ಹರಡುವ ಹಾಸಾಗಿ, ಕೂರುವ ಮಣೆಯಾಗಿ, ಕೊನೆಗೆ ಗುಜರಿ ಅಂಗಡಿ ಸೇರುತ್ತದೆ. ಹೊಸ ಪೆಟ್ಟಿಗೆ ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ಎಷ್ಟು ಪ್ಲೈ, ಎಷ್ಟು ಜಿಎಸ್‌ಎಂ ಎಂದು. ಸ್ವಲ್ಪ ಪಳಗಿದವರು ಬಿಎಫ್ ಎಷ್ಟೆಂದೂ ಕೇಳುತ್ತಾರೆ. ಒಂದರ ಮೇಲೊಂದು ಪೇರಿಸಿದಾಗ ಪೆಟ್ಟಿಗೆ ಎಷ್ಟು ಭಾರ ತಡೆದೀತು ಎಂಬುದನ್ನು ಈ ಮೂರರಲ್ಲಿ ಯಾವುದೂ ನೇರವಾಗಿ ಹೇಳುವುದಿಲ್ಲ ಎಂಬುದೇ ಈ ಲೇಖನದ ವಾದ.

ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂಗಳಲ್ಲಿ. ಎ4 ಹಾಳೆ ಚದರ ಮೀಟರಿನ 16ನೇ ಒಂದು ಪಾಲಾದ್ದರಿಂದ 80 ಜಿಎಸ್‌ಎಂನ ಹಾಳೆ ಸುಮಾರು 5 ಗ್ರಾಂ ತೂಗುತ್ತದೆ. 200 ಜಿಎಸ್‌ಎಂ ದಾಟಿದ್ದನ್ನು ರಟ್ಟು ಎನ್ನುವುದು ರೂಢಿಯೇ ಹೊರತು ಕಟ್ಟುನಿಟ್ಟಾದ ಗಡಿಯಲ್ಲ. ಮಿಠಾಯಿ ಡಬ್ಬಿಯ ಡ್ಯೂಪ್ಲೆಕ್ಸ್ ರಟ್ಟನ್ನು ನೋಡಿ: ಹೊರಮೈ ಬಿಳಿ, ಒಳಮೈ ಹಳೆಯ ಕಾಗದದಿಂದ ಬಂದ ಬೂದುಬಣ್ಣ. ಒಂದೇ ತೂಕದ ಎರಡು ರಟ್ಟುಗಳಲ್ಲಿ ದಪ್ಪಗಿರುವುದೇ ಹೆಚ್ಚು ಬಿಗಿಯಾಗಿ ನಿಲ್ಲುತ್ತದೆ, ಏಕೆಂದರೆ ಬಾಗದಿರುವ ಗುಣ ಹೆಚ್ಚುಕಡಿಮೆ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ಎರಡು ಚಪ್ಪಟೆ ಹಾಳೆಗಳ ನಡುವೆ ಅಲೆಅಲೆಯಾದ ಹಾಳೆ ಅಂಟಿಸಿದ ಮೂರು ಪ್ಲೈ ರಟ್ಟಿನ ಗುಟ್ಟೂ ಇದೇ. ಅಲ್ಲಿ ದಪ್ಪ ಕೊಡುವುದು ಬಹುಪಾಲು ಗಾಳಿ.

ತೂಕ ಹೇಳದ ಇನ್ನೊಂದು ಸಂಗತಿ ನಾರು. ಕರ್ನಾಟಕದ ಕಾಗದದ ಇತಿಹಾಸವನ್ನು ನಾರಿನ ಉದ್ದ ಕಿರಿದಾಗುತ್ತ ಬಂದ ಕಥೆಯಾಗಿ ಓದಬಹುದು. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾರ್ಖಾನೆ ಮೊದಲು ನಂಬಿದ್ದು ಉತ್ತರ ಕನ್ನಡದ ಬಿದಿರನ್ನು. ಬಿದಿರಿನ ನಾರು ಎರಡು ಮಿಲಿಮೀಟರಿಗೂ ಉದ್ದ. ಕಾಡಿನ ಬಿದಿರು ಸೊರಗಿದ ಬಗೆಯನ್ನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಅಧ್ಯಯನ ಮಾಡಿದರು. ಕಾರ್ಖಾನೆ ನೀಲಗಿರಿಯಂಥ ನೆಡುತೋಪಿನ ಮರಗಳತ್ತ ತಿರುಗಿತು. ನೀಲಗಿರಿಯ ನಾರು ಸುಮಾರು ಒಂದು ಮಿಲಿಮೀಟರ್ ಅಷ್ಟೇ: ಬರೆಯುವ ಕಾಗದಕ್ಕೆ ನುಣುಪು ಕೊಡುತ್ತದೆ, ಹರಿಯದಂತೆ ತಡೆಯುವುದರಲ್ಲಿ ಹಿಂದೆ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಕಬ್ಬಿನ ಸಿಪ್ಪೆಯನ್ನೂ ಬಳಸಿತು. ಇಂದು ನಮ್ಮ ಪೇಟೆಯ ಬಹುತೇಕ ಕಂದು ಕ್ರಾಫ್ಟ್ ಕಾಗದ ರದ್ದಿಯಿಂದಲೇ ತಯಾರಾಗುತ್ತದೆ. ಪ್ರತಿಸಲ ಒಣಗಿದಾಗಲೂ ನಾರು ಗಡುಸಾಗಿ, ಮತ್ತೆ ನೀರು ಕುಡಿದು ಉಬ್ಬುವ ಶಕ್ತಿ ಕಳೆದುಕೊಳ್ಳುತ್ತದೆ. ನಾರುಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ. ಸಾರಕ್ಕಿಯ ಗುಜರಿಯಿಂದ ಹೊರಟ ಪೆಟ್ಟಿಗೆ ಮರಳಿ ಪೆಟ್ಟಿಗೆಯಾಗಿಯೇ ಬರಬಹುದು, ಹಿಂದಿನ ಬಲದಲ್ಲಿ ಮಾತ್ರ ಅಲ್ಲ.

ಬಿಎಫ್ ಎಂದರೆ ಒಡೆತದ ಒತ್ತಡವನ್ನು ಜಿಎಸ್‌ಎಂನಿಂದ ಭಾಗಿಸಿ ಸಾವಿರದಿಂದ ಗುಣಿಸಿದ ಅಂಕಿ. 150 ಜಿಎಸ್‌ಎಂ, 18 ಬಿಎಫ್ ಕಾಗದ ಚದರ ಸೆಂಟಿಮೀಟರಿಗೆ 2.7 ಕಿಲೋ ಒತ್ತಡದಲ್ಲಿ ಒಡೆಯುತ್ತದೆ. ಇದು ಹಿಗ್ಗಿಸಿ ಒಡೆಯುವ ಪರೀಕ್ಷೆ. ಸಿಮೆಂಟ್ ಚೀಲಕ್ಕೆ ಒಪ್ಪುತ್ತದೆ. ಪೇರಿಸಿದ ಪೆಟ್ಟಿಗೆಯಾದರೋ ಕುಗ್ಗಿ ಸೋಲುತ್ತದೆ. ಅದಕ್ಕೆ ಬೇಕಾದದ್ದು ರಟ್ಟಿನ ಅಂಚನ್ನು ನಿಲ್ಲಿಸಿ ಒತ್ತುವ ಇಸಿಟಿ ಪರೀಕ್ಷೆ. ಅಮೆರಿಕದ ಮ್ಯಾಕ್‌ಕೀ ಮತ್ತು ಸಂಗಡಿಗರು 1963ರಲ್ಲಿ ಕೊಟ್ಟ ಸೂತ್ರದ ಸರಳ ರೂಪದಂತೆ ಪೆಟ್ಟಿಗೆಯ ಬಲ ಇಸಿಟಿಗೆ ನೇರ ಅನುಪಾತದಲ್ಲಿ, ರಟ್ಟಿನ ದಪ್ಪ ಹಾಗೂ ಪೆಟ್ಟಿಗೆಯ ಸುತ್ತಳತೆಗಳ ಗುಣಲಬ್ಧದ ವರ್ಗಮೂಲಕ್ಕೆ ಅನುಗುಣವಾಗಿ ಇರುತ್ತದೆ. ಉದ್ದ, ಅಗಲ ಎರಡನ್ನೂ ಇಮ್ಮಡಿಸಿದರೆ ಒಳಗೆ ನಾಲ್ಕು ಪಟ್ಟು ಹಣ್ಣು ಹಿಡಿಯುತ್ತದೆ. ಬಲ ಏರುವುದು 1.4 ಪಟ್ಟು ಮಾತ್ರ. ದೊಡ್ಡ ಪೆಟ್ಟಿಗೆ ಅಗ್ಗವೆನ್ನುವ ವ್ಯಾಪಾರಿಗೆ ಈ ಲೆಕ್ಕ ರುಚಿಸಲಾರದು. ಅಮೆರಿಕದ ಸರಕು ಸಾಗಣೆಯ ನಿಯಮಗಳು 1991ರಲ್ಲೇ ಒಡೆತದ ಅಂಕಿಗೆ ಪರ್ಯಾಯವಾಗಿ ಇಸಿಟಿಯನ್ನು ಒಪ್ಪಿದವು. ನಮ್ಮಲ್ಲಿ ಬಿಎಫ್‌ನ ಮಾತೇ ಇನ್ನೂ ಜೋರು.

ತೇವದ ವಿಷಯವಂತೂ ಹೆಚ್ಚು ಕಟು. ಪ್ರಯೋಗಾಲಯಗಳು ರಟ್ಟನ್ನು 23 ಡಿಗ್ರಿ, ಶೇ. 50 ಆರ್ದ್ರತೆಯಲ್ಲಿ ಇಟ್ಟು ಅಳೆಯುತ್ತವೆ. ಉಷ್ಣವಲಯಕ್ಕೆ 27 ಡಿಗ್ರಿ, ಶೇ. 65 ಎಂಬ ಪರ್ಯಾಯವಿದೆ. ಬೆಂಗಳೂರಿನ ಆಗಸ್ಟ್ ಬೆಳಗಿನಲ್ಲಿ ಆರ್ದ್ರತೆ ಶೇ. 80 ದಾಟುವುದು ಸಾಮಾನ್ಯ. ಶೇ. 90ರ ಹತ್ತಿರ ಪೆಟ್ಟಿಗೆಯ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪದರಗಳನ್ನು ಹಿಡಿದಿಟ್ಟ ಪಿಷ್ಟದ ಅಂಟೂ ನೆಂದರೆ ಬಿಡುತ್ತದೆ. ಬರೆಯಲು ಬಳಸುತ್ತಿದ್ದ ನಮ್ಮ ಹಳೆಯ ಬಟ್ಟೆಯ ಪುಸ್ತಕವಾದ ಕಡತದಲ್ಲೂ ಬಟ್ಟೆಗೆ ಬಿಗುವು ಬಂದದ್ದು ಹುಣಸೆಬೀಜದ ಅಂಟಿನಿಂದ, ಇದ್ದಿಲು ಬೆರೆಸಿ ಬಳಿದದ್ದು. ಆದರೆ ಕಡತದ ಒಡಲು ಹತ್ತಿಯದು. ಬಳಪದ ಬರಹ ಅಳಿಸಿ ಮತ್ತೆ ಬರೆದರೂ ಬಾಳುತ್ತಿತ್ತು. ನೋಟಿನ ಕಾಗದಕ್ಕೂ ಹತ್ತಿಯನ್ನೇ ಆರಿಸಿದ್ದಾರೆ. ಸಾವಿರಾರು ಸಲ ಮಡಿಸಿದರೂ ಹರಿಯಬಾರದ ಹಾಳೆಗೆ ಹತ್ತಿಯಂಥ ದುಬಾರಿ ನಾರು ಸಲ್ಲುತ್ತದೆ, ಸೇಬಿನ ಪೆಟ್ಟಿಗೆಗೆ ಸಲ್ಲದು.

ಪೆಟ್ಟಿಗೆಗೆ ಸಲ್ಲುವುದು ಸರಿಯಾದ ಅಳತೆ. ಸಗಟು ಕೊಳ್ಳುವವರು ಬಿಲ್ಲಿನಲ್ಲಿ ಪ್ಲೈ, ಬಿಎಫ್‌ಗಳ ಜೊತೆ ಇಸಿಟಿಯನ್ನೂ, ಯಾವ ಆರ್ದ್ರತೆಯಲ್ಲಿ ಅಳೆದದ್ದು ಎಂಬುದನ್ನೂ ಬರೆಸಿಕೊಳ್ಳಬೇಕು. ಮಳೆಗಾಲದಲ್ಲಿ ಪೇರಿಸುವ ಎತ್ತರವನ್ನು ಅರ್ಧಕ್ಕೆ ಇಳಿಸಬೇಕು.