ಧ್ವನಿಮುದ್ರಿಕೆಯೇ ಪಠ್ಯವಾದಾಗ: ಬ್ರಿಟನ್ನಿನ ಪ್ರಯೋಗಶೀಲ ಜಾಝ್ ಮತ್ತು ಜಾಝ್-ರಾಕ್

ಮೌಖಿಕ ಪರಂಪರೆಗಳ ಅಧ್ಯಯನದಲ್ಲಿ ‘ಪಠ್ಯ’ ಎಂದರೆ ಯಾವುದು ಎಂಬ ಪ್ರಶ್ನೆ ಹೊಸದಲ್ಲ. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಯುಗೊಸ್ಲಾವಿಯದ ಹಾಡುಗಾರರ ಕಥನಕಾವ್ಯಗಳನ್ನು ಅಲ್ಯೂಮಿನಿಯಂ ತಟ್ಟೆಗಳ ಮೇಲೆ ಮುದ್ರಿಸಿಕೊಂಡರು. ಆ ಸಾಮಗ್ರಿಯನ್ನು ಆಧರಿಸಿ ಆಲ್ಬರ್ಟ್ ಲಾರ್ಡ್ 1960ರಲ್ಲಿ ಪ್ರಕಟಿಸಿದ ‘ದಿ ಸಿಂಗರ್ ಆಫ್ ಟೇಲ್ಸ್’ ಕೃತಿಯು, ಹಾಡುಗಾರನು ಹಾಡುವ ಗಳಿಗೆಯಲ್ಲಿಯೇ ಕಾವ್ಯವನ್ನು ಕಟ್ಟುತ್ತಾನೆ, ಆದ್ದರಿಂದ ಪ್ರತಿಯೊಂದು ಪ್ರದರ್ಶನವೂ ಒಂದು ಸ್ವತಂತ್ರ ರಚನೆ ಎಂದು ಪ್ರತಿಪಾದಿಸಿತು. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಲಂಡನ್ನಿನಲ್ಲಿ ಜಮೈಕಾ ಮೂಲದ ಆಲ್ಟೊ ಸ್ಯಾಕ್ಸೋಫೋನ್ ವಾದಕ ಜೋ ಹ್ಯಾರಿಯಟ್ ‘ಫ್ರೀ ಫಾರ್ಮ್’ ಎಂಬ ಮುದ್ರಿಕೆಗಾಗಿ ತಮ್ಮ ಪಂಚವಾದ್ಯ ತಂಡದೊಡನೆ ನುಡಿಸುತ್ತಿದ್ದರು. ಈ ಎರಡು ಘಟನೆಗಳಿಗೆ ನೇರ ಸಂಬಂಧವಿಲ್ಲ. ಆದರೆ ನುಡಿಸುವ ಗಳಿಗೆಯಲ್ಲಿಯೇ ಹುಟ್ಟುವ ಸಂಗೀತವನ್ನು ಯಾರು, ಯಾವ ಸಾಧನದಿಂದ, ಯಾರಿಗಾಗಿ ಉಳಿಸುತ್ತಾರೆ ಎಂಬ ಪ್ರಶ್ನೆ ಎರಡಕ್ಕೂ ಸಮಾನವಾದುದು.

ಬ್ರಿಟನ್ನಿನಲ್ಲಿ 1960ರ ದಶಕದ ಉತ್ತರಾರ್ಧದಿಂದ 1970ರ ದಶಕದವರೆಗೆ ಬೆಳೆದ ಪ್ರಯೋಗಶೀಲ ಜಾಝ್ ಮತ್ತು ಜಾಝ್-ರಾಕ್ ಸಂಗೀತವನ್ನು ಶೈಲಿಯ ದೃಷ್ಟಿಯಿಂದ ವಿವೇಚಿಸಿದ ಬರಹಗಳು ಸಾಕಷ್ಟಿವೆ. ಪ್ರಸ್ತುತ ಲೇಖನವು ಅದನ್ನು ದಾಖಲೆಯ ದೃಷ್ಟಿಯಿಂದ ನೋಡುತ್ತದೆ. ಈ ಸಂಗೀತದ ಬಹುಭಾಗಕ್ಕೆ ಪೂರ್ಣ ಸ್ವರಲಿಪಿಯಿಲ್ಲ. ಧ್ವನಿಮುದ್ರಿಕೆಯೇ ಅದರ ಏಕೈಕ ಪಠ್ಯ. ಹಾಗಾಗಿ ಮುದ್ರಣದ ಹಕ್ಕು ಯಾರ ಕೈಯಲ್ಲಿತ್ತು ಎಂಬುದೇ ಈ ಪರಂಪರೆಯ ನೆನಪು ಎಷ್ಟು ಉಳಿಯಿತು, ಎಷ್ಟು ಅಳಿಯಿತು ಎಂಬುದನ್ನು ನಿರ್ಧರಿಸಿತು.

1. ‘ಬ್ರಿಟಿಷ್’ ಎಂಬ ವಿಶೇಷಣ

ಈ ಸಂಗೀತಕ್ಕೆ ಅಂಟಿಕೊಂಡಿರುವ ‘ಬ್ರಿಟಿಷ್’ ಎಂಬ ವಿಶೇಷಣವನ್ನು ಮೊದಲು ಪರಿಶೀಲಿಸಬೇಕಾಗುತ್ತದೆ. ಹ್ಯಾರಿಯಟ್ 1951ರಲ್ಲಿ ಬ್ರಿಟನ್ನಿಗೆ ಬಂದವರು. ‘ಫ್ರೀ ಫಾರ್ಮ್’ ತಂಡದ ಬಾಸ್ ವಾದಕ ಕೋಲ್ರಿಜ್ ಗೂಡ್ ಕೂಡ ಜಮೈಕಾದವರು. ಟ್ರಂಪೆಟ್ ವಾದಕ ಶೇಕ್ ಕೀನ್ ಸೇಂಟ್ ವಿನ್ಸೆಂಟ್ ದ್ವೀಪದ ಕವಿ. ಪೂರ್ವನಿಶ್ಚಿತ ಸ್ವರಕ್ರಮ ಹಾಗೂ ಏಕರೂಪದ ಲಯದ ಕಟ್ಟುಪಾಡುಗಳಿಂದ ಬಿಡಿಸಿಕೊಂಡ ಈ ಸಂಗೀತವು ಅಮೆರಿಕದ ಆರ್ನೆಟ್ ಕೋಲ್ಮನ್ ಅವರ ಪ್ರಯೋಗಗಳ ಅನುಕರಣೆಯಾಗಿರದೆ ಸ್ವತಂತ್ರವಾಗಿ ರೂಪುಗೊಂಡುದು. ಬ್ರಿಟನ್ನಿನ ಮುಂದಿನ ಪ್ರಯೋಗಗಳಿಗೆ ಬುನಾದಿ ಹಾಕಿದವರಲ್ಲಿ ಕೆರಿಬಿಯನ್ ವಲಸಿಗರೇ ಮುಂಚೂಣಿಯಲ್ಲಿದ್ದರು ಎಂಬುದು ಇಲ್ಲಿ ಗಮನಾರ್ಹ.

ಭಾರತೀಯರ ಪಾತ್ರವೂ ಇಲ್ಲಿದೆ. ಕಲ್ಕತ್ತೆಯಲ್ಲಿ ಹುಟ್ಟಿದ ಜಾನ್ ಮೇಯರ್ 1952ರಲ್ಲಿ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಕಲಿಯಲು ಲಂಡನ್ನಿಗೆ ಬಂದರು. ಮುಂದೆ ಅಲ್ಲಿನ ವಾದ್ಯವೃಂದಗಳಲ್ಲಿ ಪಿಟೀಲು ನುಡಿಸಿದರು. ನಿರ್ಮಾಪಕ ಡೆನಿಸ್ ಪ್ರೆಸ್ಟನ್ ಅವರ ಪ್ರೇರಣೆಯಿಂದ ಮೇಯರ್ ಮತ್ತು ಹ್ಯಾರಿಯಟ್ ಒಂದಾಗಿ ‘ಇಂಡೋ-ಜಾಝ್ ಸ್ವೀಟ್’ (1966) ಹಾಗೂ ‘ಇಂಡೋ-ಜಾಝ್ ಫ್ಯೂಷನ್ಸ್’ (1967, 1968) ಮುದ್ರಿಕೆಗಳನ್ನು ತಂದರು. ಐವರು ಜಾಝ್ ವಾದಕರು, ಸಿತಾರ್, ತಬಲಾ, ತಂಬೂರಿ, ಕೊಳಲು ಮೊದಲಾದವನ್ನು ನುಡಿಸುವ ಇನ್ನೈವರು ಸೇರಿದ ಜೋಡಿತಂಡ ಅದು. ದಿವಾನ್ ಮೋತಿಹಾರ್ ಸಿತಾರ್, ಕೇಶವ ಸಾಠೆ ತಬಲಾ ನುಡಿಸಿದರು. ರಾಗ-ತಾಳಗಳನ್ನು ಆಧರಿಸಿ ಮೇಯರ್ ಎಲ್ಲ ವಾದ್ಯಗಳ ಪಾಲನ್ನು ಬರೆದು ಕೊಡುತ್ತಿದ್ದರು. ಜಾಝ್ ವಾದಕರ ಮನೋಧರ್ಮಕ್ಕೆ ನಿಗದಿತ ಜಾಗಗಳಲ್ಲಿ ಮಾತ್ರ ಅವಕಾಶವಿತ್ತು. ಎರಡು ಆಶುಪರಂಪರೆಗಳು ಇಲ್ಲಿ ಲಿಖಿತ ಸ್ವರಲಿಪಿಯ ಮಧ್ಯಸ್ಥಿಕೆಯಲ್ಲಿ ಭೇಟಿಯಾದುದು ಜಾನಪದ ವಿದ್ವಾಂಸರಿಗೆ ಕುತೂಹಲಕರ ಸಂಗತಿ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ‘ಹಮ್ ದೋನೋ’ (1969). ಮುಂಬಯಿಯಲ್ಲಿ 1936ರಲ್ಲಿ ಹುಟ್ಟಿದ, ಗೋವಾ ಮೂಲದ ಗಿಟಾರ್ ವಾದಕ ಅಮಾನ್ಸಿಯೊ ಡಿಸಿಲ್ವ ಅವರೊಡನೆ ಹ್ಯಾರಿಯಟ್ ನುಡಿಸಿದ ಈ ಮುದ್ರಿಕೆಯಲ್ಲಿ ಸಿತಾರ್ ಇಲ್ಲ, ತಬಲಾ ಇಲ್ಲ. ಭಾರತೀಯತೆಯು ವಾದ್ಯಗಳ ಹೊರಗುರುತಾಗಿ ಉಳಿಯದೆ ಗಿಟಾರಿನ ಸ್ವರಸಂಚಾರದೊಳಗೆ ಇಳಿದಿದೆ. ನಾರ್ಮಾ ವಿನ್‌ಸ್ಟನ್ ಅವರ ಕಂಠವು ಪದಗಳಿಲ್ಲದೆ ಮತ್ತೊಂದು ವಾದ್ಯದಂತೆ ಜೊತೆಗೂಡುತ್ತದೆ. ಬೇಡಿಕೆಯ ದಿನಗಳಲ್ಲಿ ‘ಪೌರ್ವಾತ್ಯ’ ಎಂಬ ಹಣೆಪಟ್ಟಿ ಹೊತ್ತ ಮುದ್ರಿಕೆಗಳಿಗೆ ದೊರೆತ ಪ್ರಚಾರ ಇದಕ್ಕೆ ದೊರೆಯಲಿಲ್ಲ. ದೀರ್ಘಕಾಲ ಇದು ಸಂಗ್ರಾಹಕರ ಬಳಿ ಮಾತ್ರ ಉಳಿದಿತ್ತು. ಹ್ಯಾರಿಯಟ್ 1973ರ ಜನವರಿಯಲ್ಲಿ ಬಡತನ ಮತ್ತು ಕಾಯಿಲೆಗಳ ನಡುವೆ ಸೌತಾಂಪ್ಟನ್ನಿನಲ್ಲಿ ನಿಧನರಾದರು.

2. ದೇಶಭ್ರಷ್ಟರ ಮೇಳ

ವಲಸಿಗರ ಪೈಕಿ ಬ್ರಿಟನ್ನಿನ ಜಾಝನ್ನು ಅತ್ಯಂತ ಆಳವಾಗಿ ಬದಲಿಸಿದವರು ದಕ್ಷಿಣ ಆಫ್ರಿಕಾದ ‘ಬ್ಲೂ ನೋಟ್ಸ್’ ತಂಡದವರು. ಪಿಯಾನೋ ವಾದಕ ಕ್ರಿಸ್ ಮೆಕ್‌ಗ್ರೆಗರ್ ಬಿಳಿಯರು. ಸ್ಯಾಕ್ಸೋಫೋನಿನ ಡುಡು ಪುಕ್ವಾನಾ, ಟ್ರಂಪೆಟ್ಟಿನ ಮೊಂಗೆಜಿ ಫೇಜಾ, ಬಾಸ್‌ನ ಜಾನಿ ಡಿಯಾನಿ, ಡ್ರಮ್‌ನ ಲೂಯಿ ಮೊಹೊಲೊ ಮೊದಲಾದವರು ಕಪ್ಪು ಜನಾಂಗದವರು. ವರ್ಣಭೇದ ನೀತಿಯ ಆಡಳಿತದಲ್ಲಿ ಇಂತಹ ಮಿಶ್ರ ಮೇಳವು ಒಂದೇ ವೇದಿಕೆಯ ಮೇಲೆ ನುಡಿಸುವುದೇ ಅಪರಾಧಕ್ಕೆ ಸಮಾನವಾಗಿತ್ತು. 1964ರಲ್ಲಿ ಫ್ರಾನ್ಸಿನ ಆಂಟೀಬ್ ಸಂಗೀತೋತ್ಸವಕ್ಕೆಂದು ಹೊರಟ ಅವರು ತವರಿಗೆ ಮರಳದೆ, 1965ರಲ್ಲಿ ಲಂಡನ್ ಸೇರಿದರು.

1970ರಲ್ಲಿ ಮೆಕ್‌ಗ್ರೆಗರ್ ಕಟ್ಟಿದ ‘ಬ್ರದರ್‌ಹುಡ್ ಆಫ್ ಬ್ರೆತ್’ ಎಂಬ ದೊಡ್ಡ ಮೇಳದಲ್ಲಿ ಈ ದೇಶಭ್ರಷ್ಟರೊಡನೆ ಮೈಕ್ ಆಸ್ಬರ್ನ್, ಅಲನ್ ಸ್ಕಿಡ್‌ಮೋರ್ ಮೊದಲಾದ ಇಂಗ್ಲಿಷ್ ತರುಣರೂ ಬಾರ್ಬಡೋಸ್‌ನ ಹ್ಯಾರಿ ಬೆಕೆಟ್ ಅವರೂ ನುಡಿಸಿದರು. ದಕ್ಷಿಣ ಆಫ್ರಿಕಾದ ನಗರ ಬಡಾವಣೆಗಳ ಕುಣಿತದ ಧಾಟಿಯ ಚಿಕ್ಕ ಸೊಲ್ಲೊಂದು ಮರಳಿ ಮರಳಿ ಬರುತ್ತದೆ. ಅದರ ಮೇಲೆ ಒಬ್ಬೊಬ್ಬರಾಗಿ ವಾದಕರು ಸೇರಿಕೊಳ್ಳುತ್ತಾರೆ. ಕೊನೆಗೆ ಎಲ್ಲರೂ ಏಕಕಾಲದಲ್ಲಿ ಸ್ವತಂತ್ರವಾಗಿ ನುಡಿಸತೊಡಗಿದಾಗಲೂ ಕುಣಿತದ ಹೆಜ್ಜೆ ತಪ್ಪುವುದಿಲ್ಲ. ‘ಅವಾಂಗಾರ್ಡ್’ ಎಂದರೆ ಪರಂಪರೆಯ ನಿರಾಕರಣೆ ಎಂಬ ಗ್ರಹಿಕೆಯನ್ನು ಈ ಮೇಳ ಸುಳ್ಳಾಗಿಸಿತು. ಪರಂಪರೆಯ ನೆಲದಿಂದ ಕಿತ್ತು ಬಂದವರಿಗೆ ಪರಂಪರೆಯೇ ಅತ್ಯಂತ ತೀವ್ರವಾದ ಪ್ರಯೋಗದ ಸಾಮಗ್ರಿಯಾಯಿತು.

3. ನುಡಿಗಟ್ಟಿನ ಹೊರಗೆ

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ದಾರಿ ರೂಪುಗೊಳ್ಳುತ್ತಿತ್ತು. 1966ರ ಜನವರಿಯಿಂದ ಡ್ರಮ್ ವಾದಕ ಜಾನ್ ಸ್ಟೀವನ್ಸ್ ಲಂಡನ್ನಿನ ಲಿಟಲ್ ಥಿಯೇಟರ್ ಕ್ಲಬ್ಬಿನಲ್ಲಿ ‘ಸ್ಪಾಂಟೇನಿಯಸ್ ಮ್ಯೂಸಿಕ್ ಎನ್ಸೆಂಬಲ್’ ತಂಡವನ್ನು ಮುನ್ನಡೆಸಿದರು. 1968ರ ಫೆಬ್ರವರಿಯಲ್ಲಿ ಮುದ್ರಿತವಾದ ‘ಕಾರ್ಯೋಬಿನ್’ನಲ್ಲಿ ಸ್ಟೀವನ್ಸ್ ಜೊತೆಗೆ ಕೆನ್ನಿ ವ್ಹೀಲರ್, ಇವಾನ್ ಪಾರ್ಕರ್, ಡೆರೆಕ್ ಬೇಲಿ, ಡೇವ್ ಹಾಲೆಂಡ್ ನುಡಿಸಿದ್ದಾರೆ. ಇಲ್ಲಿ ಮುಖ್ಯ ವಾದಕ, ಪಕ್ಕವಾದ್ಯ ಎಂಬ ಶ್ರೇಣಿಯಿಲ್ಲ. ಜೊತೆಯವರ ನಾದ ಕೇಳಿಸದಷ್ಟು ಜೋರಾಗಿ ಯಾರೂ ನುಡಿಸಬಾರದು, ಕೇಳಿದ್ದಕ್ಕೆ ಸಂಬಂಧವಿಲ್ಲದ್ದನ್ನು ನುಡಿಸಬಾರದು ಎಂಬುದು ಸ್ಟೀವನ್ಸ್ ಬೋಧಿಸುತ್ತಿದ್ದ ಪಾಠ. ಬಾಯಿಂದ ಬಾಯಿಗೆ ಹರಿದ ಈ ಬೋಧನಕ್ರಮ 1985ರಲ್ಲಿ ‘ಸರ್ಚ್ ಅಂಡ್ ರಿಫ್ಲೆಕ್ಟ್’ ಎಂಬ ಪುಸ್ತಕವಾಯಿತು.

ಗಿಟಾರ್ ವಾದಕ ಡೆರೆಕ್ ಬೇಲಿ ಈ ಅಭ್ಯಾಸಕ್ಕೆ ಸೈದ್ಧಾಂತಿಕ ರೂಪ ಕೊಟ್ಟರು. 1980ರಲ್ಲಿ ಆಶುಸಂಗೀತವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಅವರು ಭಾರತೀಯ ಸಂಗೀತ, ಫ್ಲಮೆಂಕೊ, ಯೂರೋಪಿನ ಬರೋಕ್ ಪದ್ಧತಿಗಳನ್ನು ಪರಿಶೀಲಿಸಿ, ಒಂದು ನುಡಿಗಟ್ಟಿಗೆ ಬದ್ಧವಾದ ಆಶುವಾದನ, ಯಾವ ನುಡಿಗಟ್ಟಿಗೂ ಬದ್ಧವಲ್ಲದ ಆಶುವಾದನ ಎಂಬ ವಿಂಗಡಣೆ ಮಾಡಿದರು. ಜಾನಪದ ಅಧ್ಯಯನದ ದೃಷ್ಟಿಯಿಂದ ಈ ವಿಂಗಡಣೆ ಚರ್ಚಾಸ್ಪದ. ಯಾವ ಅಭ್ಯಾಸವೂ ಒಂದು ಸಮುದಾಯದಲ್ಲಿ ಹತ್ತು ವರ್ಷ ಬಾಳಿದರೆ ಅದಕ್ಕೆ ತನ್ನದೇ ಸೊಲ್ಲು, ಸಂಜ್ಞೆ, ಮರ್ಯಾದೆಗಳು ಹುಟ್ಟಿಕೊಳ್ಳುತ್ತವೆ. ಲಿಟಲ್ ಥಿಯೇಟರ್ ಕ್ಲಬ್ಬಿನ ಸಂಗೀತವೂ ಕ್ರಮೇಣ ಗುರುತಿಸಬಹುದಾದ ಒಂದು ನುಡಿಗಟ್ಟಾಯಿತು ಎಂಬುದಕ್ಕೆ ಆ ಕಾಲದ ಮುದ್ರಿಕೆಗಳೇ ಸಾಕ್ಷಿ.

4. ತೆರೆದು ಮುಚ್ಚಿದ ಬಾಗಿಲು

ಜನಪ್ರಿಯತೆಯ ನಿರೀಕ್ಷೆಯಿಲ್ಲದ ಇಂತಹ ಸಂಗೀತವನ್ನು ದೊಡ್ಡ ಕಂಪನಿಗಳು ಏಕೆ ಮುದ್ರಿಸಿದವು? ರಾಕ್ ಸಂಗೀತದ ಎಲ್.ಪಿ. ತಟ್ಟೆಗಳ ಮಾರುಕಟ್ಟೆ ವಿಸ್ತಾರಗೊಂಡುದೇ ಇದಕ್ಕೆ ಮುಖ್ಯ ಕಾರಣ. ಯುವಜನರ ಅಭಿರುಚಿ ಯಾವ ದಿಕ್ಕಿಗೆ ತಿರುಗೀತು ಎಂದು ಊಹಿಸಲಾಗದ ಕಂಪನಿಗಳು ಹೊಸ ಉಪಶಾಖೆಗಳನ್ನು ತೆರೆದವು: ಡೆಕ್ಕಾದ ಡೆರಮ್, ಫಿಲಿಪ್ಸ್‌ನ ವರ್ಟಿಗೊ, ಆರ್‌ಸಿಎಯ ನಿಯಾನ್. ಮೈಕ್ ವೆಸ್ಟ್‌ಬ್ರೂಕ್ ಅವರ ಯುದ್ಧವಿರೋಧಿ ಬೃಹತ್ ರಚನೆ ‘ಮಾರ್ಚಿಂಗ್ ಸಾಂಗ್’ (1969) ಡೆರಮ್‌ನಿಂದ ಎರಡು ಸಂಪುಟಗಳಲ್ಲಿ ಬಂತು. ಕೀತ್ ಟಿಪ್ಪೆಟ್ ಐವತ್ತು ಮಂದಿ ಕಲಾವಿದರನ್ನು ಕೂಡಿಸಿ ಕಟ್ಟಿದ ‘ಸೆಂಟಿಪೀಡ್’ ಮೇಳದ ‘ಸೆಪ್ಟೋಬರ್ ಎನರ್ಜಿ’ 1971ರಲ್ಲಿ ನಿಯಾನ್ ಮೂಲಕ ಹೊರಬಂತು.

ಜಾಝ್-ರಾಕ್ ಈ ಸಂದರ್ಭದ ಶಿಶು. ಜಾನ್ ಮೆಕ್‌ಲಾಫ್ಲಿನ್ ಅಮೆರಿಕಕ್ಕೆ ತೆರಳುವ ಮುನ್ನ, 1969ರ ಜನವರಿಯಲ್ಲಿ, ಲಂಡನ್ನಿನಲ್ಲಿ ‘ಎಕ್ಸ್‌ಟ್ರಾಪೊಲೇಷನ್’ ಮುದ್ರಿಸಿದರು. ಟ್ರಂಪೆಟ್ ವಾದಕ ಇಯಾನ್ ಕಾರ್ ಕಟ್ಟಿದ ‘ನ್ಯೂಕ್ಲಿಯಸ್’ ತಂಡದ ‘ಇಲಾಸ್ಟಿಕ್ ರಾಕ್’ 1970ರಲ್ಲಿ ಪ್ರಕಟವಾಯಿತು. ಅದೇ ವರ್ಷ ಆ ತಂಡ ಮಾಂಟ್ರೂ ಉತ್ಸವದ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನ ಪಡೆಯಿತು. ‘ಸಾಫ್ಟ್ ಮೆಷಿನ್’ ತಂಡದ ‘ಥರ್ಡ್’ (1970) ನಾಲ್ಕು ಮಗ್ಗುಲುಗಳ ಮೇಲೆ ನಾಲ್ಕೇ ದೀರ್ಘ ರಚನೆಗಳನ್ನು ಹೊಂದಿದೆ. ಅದರ ಮೊದಲ ರಚನೆ ‘ಫೇಸ್‌ಲಿಫ್ಟ್’ ಅನ್ನು ಬೇರೆಬೇರೆ ಕಛೇರಿಗಳ ಟೇಪುಗಳನ್ನು ಕತ್ತರಿಸಿ ಜೋಡಿಸಿ ಸಿದ್ಧಪಡಿಸಲಾಯಿತು. ಎಂದರೆ, ತಟ್ಟೆಯ ಮೇಲಿರುವ ಆ ಪ್ರದರ್ಶನ ಯಾವ ವೇದಿಕೆಯ ಮೇಲೂ ಅದೇ ರೂಪದಲ್ಲಿ ನಡೆದದ್ದಲ್ಲ. ಹಲವು ಹಾಡುಗಾರರ ಪಾಠಗಳನ್ನು ಸೇರಿಸಿ ‘ಸಮಗ್ರ’ ಕಾವ್ಯವೊಂದನ್ನು ಸಂಪಾದಿಸಿದಾಗ ಏಳುವ ಪ್ರಾಮಾಣ್ಯದ ಪ್ರಶ್ನೆಯೇ ಇಲ್ಲಿಯೂ ಏಳುತ್ತದೆ.

ಈ ಬಾಗಿಲು ಬಹುಕಾಲ ತೆರೆದಿರಲಿಲ್ಲ. ಮಾರಾಟ ಕೈಗೂಡದಿದ್ದಾಗ ಕಂಪನಿಗಳು ಹಿಂದೆ ಸರಿದವು. ಅನೇಕ ಮುದ್ರಿಕೆಗಳು ಬೇಗನೆ ಅಲಭ್ಯವಾದವು. ಇಯಾನ್ ಕಾರ್ 1973ರಲ್ಲಿ ಪ್ರಕಟಿಸಿದ ‘ಮ್ಯೂಸಿಕ್ ಔಟ್‌ಸೈಡ್’ ಎಂಬ ಪುಸ್ತಕದ ಶೀರ್ಷಿಕೆಯೇ ಈ ಕಲಾವಿದರ ಸ್ಥಾನವನ್ನು ಸೂಚಿಸುತ್ತದೆ.

5. ಕಲಾವಿದರ ಕೈಗೆ ಬಂದ ಮುದ್ರಣ

ಕಲಾವಿದರು ಸುಮ್ಮನೆ ಕೂರಲಿಲ್ಲ. 1970ರಲ್ಲಿ ಬೇಲಿ, ಪಾರ್ಕರ್, ಟೋನಿ ಆಕ್ಸ್‌ಲಿ ಮುಂತಾದವರು ‘ಇಂಕಸ್’ ಎಂಬ ತಮ್ಮದೇ ಸಂಸ್ಥೆಯನ್ನು ಆರಂಭಿಸಿದರು. 1974ರಲ್ಲಿ ದಕ್ಷಿಣ ಆಫ್ರಿಕಾದಿಂದ ಬಂದಿದ್ದ ಬಾಸ್ ವಾದಕ ಹ್ಯಾರಿ ಮಿಲ್ಲರ್ ಹಾಗೂ ಹೇಜಲ್ ಮಿಲ್ಲರ್ ದಂಪತಿಗಳು ‘ಓಗುನ್’ ಸಂಸ್ಥೆ ಕಟ್ಟಿದರು. ಅದರ ಮೊದಲ ತಟ್ಟೆ, ಬ್ರದರ್‌ಹುಡ್ ಆಫ್ ಬ್ರೆತ್ 1973ರಲ್ಲಿ ಸ್ವಿಟ್ಜರ್ಲೆಂಡಿನ ವಿಲಿಸೌದಲ್ಲಿ ನಡೆಸಿದ ಕಛೇರಿಯ ಮುದ್ರಣ. ಸಂಗ್ರಾಹಕ ಬೇರೆ, ಹಾಡುಗಾರ ಬೇರೆ ಎಂಬ ಭೇದ ಇಲ್ಲಿ ಅಳಿಯಿತು. ಆದರೂ ಈ ಸ್ವಾಯತ್ತ ವಲಯವೂ ಬಹುಮಟ್ಟಿಗೆ ಪುರುಷರದಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಮ್ಯಾಗಿ ನಿಕಲ್ಸ್, ಲಿಂಡ್ಸೆ ಕೂಪರ್ ಮೊದಲಾದವರು 1977ರಲ್ಲಿ ‘ಫೆಮಿನಿಸ್ಟ್ ಇಂಪ್ರೊವೈಸಿಂಗ್ ಗ್ರೂಪ್’ ಕಟ್ಟಬೇಕಾಗಿ ಬಂದುದು ಈ ಕೊರತೆಗೆ ಉತ್ತರವಾಗಿ.

ಕಲಾವಿದರ ಕೈಗೆ ಮುದ್ರಣ ಬಂದುದರ ಮಹತ್ವವನ್ನು ಒಂದು ಮುದ್ರಿಕೆ ಮನಗಾಣಿಸುತ್ತದೆ. ಮೊಂಗೆಜಿ ಫೇಜಾ 1975ರ ಡಿಸೆಂಬರ್ 14ರಂದು ಲಂಡನ್ನಿನಲ್ಲಿ ತಮ್ಮ ಮೂವತ್ತನೆಯ ವಯಸ್ಸಿನಲ್ಲಿ ನಿಧನರಾದರು. ಡಿಸೆಂಬರ್ 23ರಂದು, ಸ್ಮರಣಸಭೆಯ ಬಳಿಕ, ಮೆಕ್‌ಗ್ರೆಗರ್, ಪುಕ್ವಾನಾ, ಡಿಯಾನಿ, ಮೊಹೊಲೊ ಒಂದೆಡೆ ಸೇರಿ ಯಾವ ಪೂರ್ವಸಿದ್ಧ ರಚನೆಯೂ ಇಲ್ಲದೆ ನುಡಿಸಿದರು. ಓಗುನ್ ಅದನ್ನು ಮುದ್ರಿಸಿಕೊಂಡು ‘ಬ್ಲೂ ನೋಟ್ಸ್ ಫಾರ್ ಮೊಂಗೆಜಿ’ ಎಂದು 1976ರಲ್ಲಿ ಪ್ರಕಟಿಸಿತು. ಅದರಲ್ಲಿ ವಾದ್ಯಗಳ ನಡುವೆ ಕಂಠಧ್ವನಿಗಳೂ ಕೇಳಿಬರುತ್ತವೆ. ಅಳಲು ಕುಣಿತದ ಲಯಕ್ಕೆ ತಿರುಗುತ್ತದೆ, ಕುಣಿತ ಮತ್ತೆ ಅಳಲಾಗುತ್ತದೆ. ತವರಿನ ಮಣ್ಣಿನಲ್ಲಿ ಬಂಧುಬಳಗ ನಡೆಸಬೇಕಾಗಿದ್ದ ಶೋಕಾಚರಣೆಯನ್ನು ಪರದೇಶದ ಕೋಣೆಯೊಂದರಲ್ಲಿ ನಾಲ್ವರು ಜೊತೆಗಾರರು ನೆರವೇರಿಸಿದರು. ಅದನ್ನು ಕೇವಲ ‘ಕಲಾಕೃತಿ’ ಎನ್ನುವುದು ಅಪೂರ್ಣ. ಅದು ಒಂದು ವಿಧಿ. ಮಾರುಕಟ್ಟೆಯನ್ನು ನಂಬಿದ ಕಂಪನಿಯೊಂದು ಇದನ್ನು ಮುದ್ರಿಸುವ ಸಂಭವ ತೀರ ಕಡಿಮೆಯಿತ್ತು.

ಇಲ್ಲಿಯೂ ಸಾಧನದ ಮಿತಿ ಪಠ್ಯವನ್ನು ನಿಯಂತ್ರಿಸಿತು. ಎರಡು ತಟ್ಟೆಗಳ ನಾಲ್ಕು ಮಗ್ಗುಲುಗಳಲ್ಲಿ ಹಿಡಿಸುವಷ್ಟು ಭಾಗ ಮಾತ್ರ 1976ರಲ್ಲಿ ಬೆಳಕು ಕಂಡಿತು. ವಿಸ್ತೃತ ಪಾಠಕ್ಕಾಗಿ ಕೇಳುಗರು 2008ರ ಸಿ.ಡಿ. ಆವೃತ್ತಿಯವರೆಗೆ ಕಾಯಬೇಕಾಯಿತು.

6. ಸಮಾರೋಪ

ಕಳೆದ ಎರಡು ದಶಕಗಳಲ್ಲಿ ಈ ಸಂಗೀತಕ್ಕೆ ಮರುಜನ್ಮ ದೊರೆತಿದೆ. 2002ರಲ್ಲಿ ಗಿಲ್ಸ್ ಪೀಟರ್ಸನ್ ಅವರ ‘ಇಂಪ್ರೆಸ್ಡ್’ ಸಂಕಲನ, 2021ರಲ್ಲಿ ಡೆಕ್ಕಾ ಸಂಸ್ಥೆಯ ಮರುಮುದ್ರಣ ಮಾಲೆ ಹೊಸ ಪೀಳಿಗೆಯ ಕೇಳುಗರನ್ನು ತಂದವು. ಗ್ರಹಾಂ ಕಾಲಿಯರ್ ಅವರ ‘ವರ್ಕ್‌ಪಾಯಿಂಟ್ಸ್’ ಬ್ರಿಟನ್ನಿನ ಆರ್ಟ್ಸ್ ಕೌನ್ಸಿಲ್ ಜಾಝ್ ಸಂಯೋಜಕರೊಬ್ಬರಿಗೆ ಮೊದಲ ಬಾರಿಗೆ ನೀಡಿದ ನೆರವಿನಿಂದ 1967ರಲ್ಲಿ ಹುಟ್ಟಿದ ರಚನೆ. ಅದರ 1968ರ ಕಛೇರಿಯ ಮುದ್ರಣ ಪ್ರಕಟವಾದುದು 2005ರಲ್ಲಿ. ನಡುವಿನ ಮೂವತ್ತೇಳು ವರ್ಷ ಬರೆಯಲಾದ ಚರಿತ್ರೆಗಳು ಆ ಪಠ್ಯವಿಲ್ಲದೆಯೇ ರಚಿತವಾದವು.

ಮರುಮುದ್ರಣದಿಂದ ನಾದ ಮರಳುತ್ತದೆ, ಆದರೆ ಸಂದರ್ಭ ಮರಳುವುದಿಲ್ಲ. ಡಿಯಾನಿ 1986ರಲ್ಲಿ, ಮೆಕ್‌ಗ್ರೆಗರ್ ಮತ್ತು ಪುಕ್ವಾನಾ 1990ರಲ್ಲಿ, ವರ್ಣಭೇದ ನೀತಿಯ ಅಂತ್ಯವನ್ನು ಕಾಣದೆಯೇ ತೀರಿಕೊಂಡರು. ಮೊಹೊಲೊ ಒಬ್ಬರೇ 2005ರಲ್ಲಿ ತಾಯ್ನಾಡಿಗೆ ಮರಳಿ ನೆಲೆಸಿದರು; 2025ರಲ್ಲಿ ಅವರ ನಿಧನದೊಂದಿಗೆ, 1975ರ ಆ ಕೋಣೆಯಲ್ಲಿ ನುಡಿಸಿದ ನಾಲ್ವರ ನೆನಪಿನ ಕೊಂಡಿ ಕಳಚಿತು. ಈಗ ಉಳಿದಿರುವುದು ಮುದ್ರಿಕೆ ಮಾತ್ರ. ಆದ್ದರಿಂದ ಗ್ರಂಥಾಲಯಗಳಲ್ಲಿ ಹಾಗೂ ಧ್ವನಿ ಸಂಗ್ರಹಾಲಯಗಳಲ್ಲಿ ಇಂತಹ ತಟ್ಟೆಗಳನ್ನು ಸೂಚೀಕರಿಸುವಾಗ ಕಲಾವಿದರ ಹೆಸರು, ಕೃತಿಯ ಶೀರ್ಷಿಕೆಗಳಷ್ಟೇ ಸಾಲವು. ಅದು ಯಾವ ದಿನ ನುಡಿಸಿದ್ದು, ಯಾರ ಒತ್ತಾಸೆಯಿಂದ ಮುದ್ರಿತವಾದದ್ದು, ಎಷ್ಟು ಭಾಗ ಕತ್ತರಿಸಲ್ಪಟ್ಟದ್ದು ಎಂಬ ವಿವರಗಳೂ ಪಠ್ಯದ ಅಂಗವೇ. ಆಶುಸಂಗೀತದ ಚರಿತ್ರೆಯನ್ನು ಈ ವಿವರಗಳಿಂದ ಬೇರ್ಪಡಿಸಿದರೆ ಉಳಿಯುವುದು ಸ್ವರ ಮಾತ್ರ. ಆ ಸ್ವರಕ್ಕೆ ಕಾರಣವಾದ ಸಮುದಾಯ ಉಳಿಯುವುದಿಲ್ಲ.